ಗಂಡಸಿನ ಕೈಯ ರೊಟ್ಟಿ

ನನ್ನ ಮೈದುನನ ರೊಟ್ಟಿಯ ಮೇಲೆ ನಾನು ನಾಲ್ಕು ವರ್ಷ ಹೊಟ್ಟೆಕಿಚ್ಚು ಪಟ್ಟೆ. ಬಂಗಾರದ ಮೇಲೆ ಪಟ್ಟವರಿದ್ದಾರೆ, ಸೀರೆಯ ಮೇಲೆ ಪಟ್ಟವರಿದ್ದಾರೆ, ವಾರಗಿತ್ತಿಯ ಮೇಲೆ ಪಟ್ಟವರಂತೂ ನಮ್ಮ ಓಣಿಯಲ್ಲೇ ಹತ್ತು ಜನ ಸಿಗುತ್ತಾರೆ. ನನಗೆ ವಾರಗಿತ್ತಿ ಇರಲಿಲ್ಲ. ಇದ್ದವನು ಒಬ್ಬ ಮೈದುನ, ನನ್ನ ಗಂಡನ ತಮ್ಮ. ಅವನು ಒಲೆ ಮುಂದೆ ಕೂತು ರೊಟ್ಟಿ ಬಡಿಯತೊಡಗಿದ ದಿನದಿಂದ ನನ್ನ ಹೊಟ್ಟೆಯೊಳಗೆ ಬೇರೊಂದು ಒಲೆ ಹೊತ್ತಿಕೊಂಡಿತು. ಇದನ್ನು ಈಗ ಬರೆಯುವಾಗ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ.

ನಾನು ಚಿಕ್ಕೋಡಿ ಕಡೆಯವಳು. ಎಂಬತ್ತರ ದಶಕದ ನಡುವೆ ಮದುವೆಯಾಗಿ ಅಥಣಿ ಕಡೆಯ ಐಗಳಿ ಎಂಬ ಊರಿಗೆ ಬಂದೆ. ಮನೆಯಲ್ಲಿ ಅತ್ತೆ, ಮಾವ, ನನ್ನ ಗಂಡ, ಈ ಮೈದುನ, ನಾನು. ದ್ರಾಕ್ಷಿ ತೋಟವಿತ್ತು, ತೋಟದ ಆಳುಗಳ ಊಟವೂ ನಮ್ಮ ಮನೆಯದೇ. ದಿನಕ್ಕೆ ಐವತ್ತು ಜೋಳದ ರೊಟ್ಟಿ ಅಂದರೆ ಕಡಿಮೆ ದಿನ. ಬೆಳಗ್ಗೆ ಪರಾತದಲ್ಲಿ ಹಿಟ್ಟು ಸುರಿದು, ಕುದಿಯುವ ಎಸರು ಹಾಕಿ, ನಾದಿ, ಬಡಿದು, ಹಂಚಿಗೆ ಹಾಕಿ, ಒದ್ದೆ ಬಟ್ಟೆ ಸವರಿ, ತಿರುವಿ ತೆಗೆಯುವಷ್ಟರಲ್ಲಿ ಬಿಸಿಲು ಪಡಸಾಲೆಗೆ ಬಂದಿರುತ್ತಿತ್ತು.

ಅತ್ತೆಗೆ ಒಂದು ಪದ್ಧತಿ. ಹಂಚಿನಿಂದ ಮೊದಲು ತೆಗೆದ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ಎತ್ತಿ ನೋಡುವರು. ತೆಳ್ಳಗಿದ್ದಲ್ಲಿ ಬೆಳಕು ತೋರುತ್ತದೆ, ದಪ್ಪ ಉಳಿದಲ್ಲಿ ಕಪ್ಪು ಕಾಣುತ್ತದೆ. "ಇಲ್ಲಿ ಒಂದ ಚೂರು ದಪ್ಪ ಉಳದೈತಿ ನೋಡ" ಎಂದು ಬೆರಳಿಟ್ಟು ತೋರಿಸುವರು. ಕಪ್ಪು ಕಾಣದ ದಿನ ಏನೂ ಅನ್ನದೆ ರೊಟ್ಟಿಯನ್ನು ಬುಟ್ಟಿಗೆ ಹಾಕುವರು. ಆ ಏನೂ ಅನ್ನದಿರುವುದೇ ನನಗೆ ಸಿಗುತ್ತಿದ್ದ ಶಾಭಾಷ್. ನಾನು ಅದಕ್ಕೇ ಒಗ್ಗಿಕೊಂಡಿದ್ದೆ. ಹೆಣ್ಣುಮಗಳು ರೊಟ್ಟಿ ಚಲೋ ಮಾಡಿದರೆ ಅದರಲ್ಲಿ ಹೇಳುವಂಥದ್ದೇನು, ಆಕಳು ಹಾಲು ಕೊಟ್ಟರೆ ಯಾರಾದರೂ ಅದರ ಬೆನ್ನು ತಟ್ಟುತ್ತಾರೆಯೇ ಎಂದು ನಾನೂ ಅಂದುಕೊಂಡಿದ್ದೆ.

ಮೊದಲ ಬಾಣಂತನಕ್ಕೆ ತವರಿಗೆ ಹೋದೆ. ಐದು ತಿಂಗಳಿಗೆ ಮಗಳನ್ನು ಎತ್ತಿಕೊಂಡು ತಿರುಗಿ ಬಂದರೆ, ಓಣಿಯ ಹೆಂಗಸರು ಕೂಸು ನೋಡಲು ಬಂದವರು ಕೂಸಿನ ಮಾತು ಎರಡು ಆಡಿ, ಉಳಿದದ್ದೆಲ್ಲ ಮೈದುನನ ರೊಟ್ಟಿಯ ಮಾತೇ ಆಡಿದರು. ನಾನು ಇಲ್ಲದಾಗ ಅತ್ತೆ ಅಂಗಳದಲ್ಲಿ ಜಾರಿ ಬಿದ್ದು ಮುಂಗೈ ಉಳುಕಿತ್ತಂತೆ. ನಾಲ್ಕು ದಿನ ಪಕ್ಕದ ಮನೆಯವರು ಮಾಡಿಕೊಟ್ಟರಂತೆ. ಐದನೇ ದಿನ ಇವನೇ ತೋಳು ಏರಿಸಿ ಕೂತನಂತೆ.

"ಗಂಡಸಾಗಿ ಏನ ರೊಟ್ಟಿ ಬಡಿತಾನ ನಿನ್ನ ಮೈದುನ. ಅವನ ಹೇಣ್ತಿ ಆಗಾಕಿ ಪುಣ್ಯಾ ಮಾಡ್ಯಾಳ ನೋಡವಾ" ಅಂದಳು ಎದುರು ಮನೆಯ ಮುದುಕಿ.

ನಾನು ನಕ್ಕೆ. ಬಾಣಂತಿ ನಗು, ಯಾರಿಗೂ ಅನುಮಾನ ಬರಲಿಲ್ಲ. ಮರುದಿನ ಆ ರೊಟ್ಟಿಯನ್ನು ಕಣ್ಣಾರೆ ಕಂಡೆ. ಒಂದು ಕಡೆ ದಪ್ಪ, ಒಂದು ಕಡೆ ತೂತು, ಅಂಚು ಪೂರಾ ಸೀಳಿತ್ತು. ಅಂಥದ್ದನ್ನು ನಾನು ಮಾಡಿದ್ದರೆ ನನ್ನ ತವರಿನ ಮೂರು ತಲೆಮಾರಿನ ಹೆಂಗಸರ ಹೆಸರು ಎದ್ದು ಬರುತ್ತಿತ್ತು. ಅತ್ತೆ ಅದನ್ನು ಬೆಳಕಿಗೆ ಹಿಡಿಯಲೇ ಇಲ್ಲ. ಮುರಿದು ಬಾಯಿಗಿಟ್ಟುಕೊಂಡು, "ಏನರ ಅನ್ರಿ, ಇದರ ರುಚೀನ ಬ್ಯಾರೆ" ಅಂದರು. ನನ್ನ ಮೈಯೆಲ್ಲ ಉರಿದುಹೋಯಿತು.

ಅವನೇನೂ ದಿನಾ ಮಾಡುತ್ತಿರಲಿಲ್ಲ. ಅತ್ತೆಯ ಕೈ ನೆಟ್ಟಗಾದ ಮೇಲೆ, ನಾನು ಒಲೆಗೆ ಮರಳಿದ ಮೇಲೆ, ವಾರಕ್ಕೆ ಒಂದೆರಡು ಸಲ ಬಂದು ಕೂರುವನು. ಹತ್ತು ಹನ್ನೆರಡು ರೊಟ್ಟಿ ಬಡಿದು ಎದ್ದು ಹೋಗುವನು. ಆ ಹತ್ತು ರೊಟ್ಟಿಯನ್ನು ಬೇರೆ ತಾಟಿನಲ್ಲಿ ಇಡುತ್ತಿದ್ದರು. ಬಂದವರಿಗೆ ಅದೇ ತಾಟು ಮೊದಲು. ನನ್ನ ಐವತ್ತು ಬುಟ್ಟಿಯಲ್ಲಿ ಬಟ್ಟೆ ಹೊದ್ದುಕೊಂಡು ಕೂತಿರುತ್ತಿದ್ದವು.

ಒಂದು ಸಲ ಪಾಲಬಾವಿಗೆ ಕೊಟ್ಟಿದ್ದ ನನ್ನ ನಾದಿನಿ ತವರಿಗೆ ಬಂದಿದ್ದಳು. ತಮ್ಮನ ರೊಟ್ಟಿ ತಿನ್ನಲೇಬೇಕೆಂದು ಹಟ ಹಿಡಿದಳು. ಅವನು ಮಾಡಿದ, ನಾನೂ ಮಾಡಿದೆ. ಎಲ್ಲರೂ ಕೈ ತೊಳೆಯಲು ಹೋದಾಗ ನನಗೇನನ್ನಿಸಿತೋ, ಅವನ ತಾಟಿನ ಆರು ರೊಟ್ಟಿ ಎತ್ತಿ ನನ್ನ ಬುಟ್ಟಿಯ ಮೇಲ್ಗಡೆ ಇಟ್ಟೆ, ನನ್ನ ಆರನ್ನು ಅವನ ತಾಟಿಗೆ ಹಾಕಿದೆ. ಕಳ್ಳತನ ಇಷ್ಟು ಸುಲಭ ಎಂದು ಅವತ್ತೇ ಗೊತ್ತಾದದ್ದು.

ನಾದಿನಿ ನನ್ನ ರೊಟ್ಟಿ ಮುರಿದು ಬಾಯಿಗಿಟ್ಟು, "ಅವ್ವಾ, ಇವನ ಕೈ ಕೇಳಬ್ಯಾಡ. ಗಂಡಸಿನ ಕೈಯಾಗ ಇಂಥಾ ತೆಳ್ಳನ್ನ ರೊಟ್ಟಿ ನಾ ಎಲ್ಲೂ ನೋಡಿಲ್ಲ" ಅಂದಳು. ಅತ್ತೆ ಬುಟ್ಟಿಯಿಂದ ಒಂದು ತೆಗೆದು, ಅಭ್ಯಾಸಬಲ, ಬಾಗಿಲ ಕಡೆ ಎತ್ತಿ ಹಿಡಿದರು. "ಯಾಕ ಹುಡುಗಿ, ಇವತ್ತ ಲಕ್ಷ್ಯಾ ಎಲ್ಲಿತ್ತ? ಅಂಚ ಎಲ್ಲಾ ಸೀಳ್ಯಾವ" ಅಂದರು.

ಅದೇ ಹಿಟ್ಟು, ಅದೇ ಹಂಚು. ತಾಟು ಬದಲಾದದ್ದಕ್ಕೆ ನಾಲಗೆ ಬದಲಾಯಿತು. ಎದ್ದು ನಿಂತು ಎಲ್ಲರೆದುರು ಹೇಳಿಬಿಡಬೇಕೆಂದು ಬಾಯಿತನಕ ಬಂತು. ಹೇಳಲಿಲ್ಲ. ಹೇಳಿದ್ದರೆ ಎಲ್ಲರೂ ನಕ್ಕು, ಸೊಸೆಗೆ ಹೊಟ್ಟೆಕಿಚ್ಚು ಎಂದು ಓಣಿಗೆಲ್ಲ ಹಂಚುತ್ತಿದ್ದರು. ಹೊಟ್ಟೆಕಿಚ್ಚು ಇದ್ದದ್ದು ಖರೆ, ಅದಕ್ಕೇ ಹೇಳಲಾಗಲಿಲ್ಲ. ಮೈದುನ ತನ್ನ ತಾಟು ನೋಡಿದ, ನನ್ನ ಮುಖ ನೋಡಿದ, ತಲೆ ತಗ್ಗಿಸಿ ಉಂಡ.

ಮಧ್ಯಾಹ್ನ ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಬಂದು ನಿಂತ. "ವೈನಿ, ನನ್ನ ತಾಟಿನ್ಯಾಗ ಇದ್ದವು ನಿಮ್ಮ ರೊಟ್ಟಿ" ಅಂದ.

"ಇರಬಹುದು" ಅಂದೆ.

"ಅವರೆಲ್ಲಾ ಸುಮ್ಮನ ಹೊಗಳತಾರ್ರಿ. ನನಗ ಗೊತ್ತೈತಿ ನನ್ನ ರೊಟ್ಟಿ ಹ್ಯಾಂಗ ಅದಾವಂತ. ಅಂಚ ಯಾಕ ಸೀಳತಾವ, ನೀವು ಹೇಳಿಕೊಡ್ರಿ."

ಇದು ನಾನು ಎಣಿಸಿರದ ಮಾತು. ಹೊಗಳಿಕೆಯಲ್ಲಿ ಮೈಮರೆತು ಕೂತಿದ್ದಾನೆ ಎಂದುಕೊಂಡಿದ್ದರೆ ಇವನು ಕಲಿಯಲು ನಿಂತಿದ್ದ. ನನಗೆ ಮತ್ತಷ್ಟು ಉರಿಯಿತು. "ನಾದಬೇಕ ತಮ್ಮಾ, ಭಾಳ ನಾದಬೇಕ" ಅಂದೆ. ಅದು ಸುಳ್ಳಲ್ಲ, ಪೂರಾ ಖರೆಯೂ ಅಲ್ಲ. ಅಂಚು ಸೀಳುವುದು ಹಿಟ್ಟಿನಲ್ಲಿ ಜಿಗಿ ಕಡಿಮೆಯಾದಾಗ, ಅಂದರೆ ಅಂಟುವ ಗುಣ ಹೋದಾಗ. ಗಿರಣಿಗೆ ಹಾಕಿಸಿ ಬಹಳ ದಿನವಾದ ಹಿಟ್ಟಿಗೆ ಜಿಗಿ ಇರುವುದಿಲ್ಲ. ಅಂಥ ಹಿಟ್ಟಿಗೆ ಎಸರು ಕೊತಕೊತ ಕುದಿಯಬೇಕು, ಹಾಕಿದ ಮೇಲೆ ಮುಚ್ಚಿ ಬಿಡಬೇಕು, ಕೈ ಸುಡುವಾಗಲೇ ನಾದಬೇಕು. ಅದನ್ನು ನಾನು ನನ್ನ ಅವ್ವನಿಂದ ಕಲಿತಿದ್ದೆ. ಅವನಿಗೆ ಹೇಳಲಿಲ್ಲ.

ಹೇಳದಿದ್ದರೇನು, ಅವನು ಬಿಡುವವನಲ್ಲ. ಅಥಣಿಯ ಸಂತೆಗೆ ಹೋದಾಗಲೆಲ್ಲ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಖಾನಾವಳಿಯಲ್ಲಿ ಊಟ ಮಾಡಿ, ಊಟವಾದ ಮೇಲೂ ಒಳಗೆ ರೊಟ್ಟಿ ಬಡಿಯುವ ಅಜ್ಜಿಯ ಕೈ ನೋಡುತ್ತ ಕೂರುತ್ತಿದ್ದನಂತೆ. ಕೊನೆಗೆ ಆ ಅಜ್ಜಿ, "ಬಾ ಹಂಗಾದರ, ಕುಂಡರ" ಎಂದು ಒಲೆ ಮುಂದೆ ಮಣೆ ಹಾಕಿದಳಂತೆ. ಪಿಯುಸಿ ಎರಡು ಸಲ ಕೂತು ಪಾಸಾಗದವನು, ದ್ರಾಕ್ಷಿ ಬಳ್ಳಿಯ ಮೇಲೆ ಮನಸ್ಸಿಲ್ಲದವನು, ರೊಟ್ಟಿಯಲ್ಲಿ ಮಾತ್ರ ದಿನದಿನಕ್ಕೆ ಮುಂದೆ ಹೋದ. ಎರಡು ವರ್ಷದಲ್ಲಿ ಅವನ ರೊಟ್ಟಿಯ ಅಂಚು ಕೂಡಿತು. ಬಡಿಯುವ ಸಪ್ಪಳವೂ ಬದಲಾಯಿತು. ಹಿತ್ತಲಲ್ಲಿದ್ದರೂ ಕಿವಿಗೆ ಬೀಳುತ್ತಿತ್ತು, ಒಂದೇ ತೂಕದ ಪೆಟ್ಟು. ಮೊದಲು ಕೆಟ್ಟ ರೊಟ್ಟಿಗೆ ಹೊಗಳಿಸಿಕೊಳ್ಳುತ್ತಾನೆ ಎಂದು ಸಿಟ್ಟಿತ್ತು. ಈಗ ಒಳ್ಳೆಯ ರೊಟ್ಟಿ ಮಾಡುತ್ತಾನಲ್ಲ ಎಂದು ಸಿಟ್ಟು. ಮನೆಯವರು ಮಾತ್ರ ಆಗ ಅಂದದ್ದನ್ನೇ ಈಗಲೂ ಅನ್ನುತ್ತಿದ್ದರು. ಅವರಿಗೆ ಫರಕು ಕಾಣಲೇ ಇಲ್ಲ.

ಈ ನಡುವೆ ನನಗೂ ಒಂದು ಸಲ ಹೊಗಳಿಕೆ ಬಂತು. ಅಕ್ಟೋಬರ್ ಚಾಟಣಿಯ ಕಾಲ. ದ್ರಾಕ್ಷಿ ಬಳ್ಳಿಯ ಕಡ್ಡಿಯನ್ನು ಕಣ್ಣು, ಅಂದರೆ ಚಿಗುರೊಡೆಯುವ ಮೊಗ್ಗು, ಎಣಿಸಿ ಕತ್ತರಿಸುವ ಕೆಲಸ, ಒಂದು ಕಣ್ಣು ಹೆಚ್ಚುಕಡಿಮೆಯಾದರೆ ಆ ವರ್ಷದ ಗೊನೆ ಹೋಯಿತು. ಆಳುಗಳು ಕಡಿಮೆ ಬಿದ್ದರು. ದಿನಾ ಬುತ್ತಿ ಒಯ್ದು ನಿಂತು ನೋಡಿ ಕಲಿತದ್ದಿತ್ತು, ಕತ್ತರಿ ತಗೊಂಡು ಎರಡು ಸಾಲು ಮುಗಿಸಿದೆ. ತಾಸಗಾಂವ ಕಡೆಯಿಂದ ಸಲಹೆಗೆ ಬರುತ್ತಿದ್ದ ಒಬ್ಬ ಜಾಣ ಬೆಳೆಗಾರ ಆ ಸಾಲಿನುದ್ದಕ್ಕೂ ನಡೆದು ನೋಡಿ, "ಬಾಈಮಾಣೂಸ ಅಸೂನ ಸುದ್ಧಾ ಚಾಂಗಲಂ ಕೇಲಂ" ಅಂದ. ಹೆಂಗಸಾದರೂ ಚಲೋ ಮಾಡ್ಯಾಳ, ಅಂತ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವತ್ತು ಸಂಜೆ ಶಿರಾ ಮಾಡಿ ಎಲ್ಲರಿಗೂ ಬಡಿಸಿದೆ. ಯಾಕೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮುಂದಿನ ಚಾಟಣಿಗೆ ಕತ್ತರಿ ಹಂಚುವಾಗ ನಾನೂ ಕೈ ಚಾಚಿದೆ. ನನ್ನ ಗಂಡ ನಕ್ಕು, "ನೀ ಬುತ್ತಿ ತಾ, ಕತ್ತರಿಸಿದ ಕಡ್ಡಿ ಆರಿಸಿ ಬದುವಿಗೆ ಹಾಕು ಸಾಕು" ಅಂದರು. ಹೊಗಳಿದ ಜಾಣ ಬೆಳೆಗಾರನೂ ಅಲ್ಲೇ ಇದ್ದ. ಅವನು ಬಳ್ಳಿಯ ಕಡೆ ತಿರುಗಿ ಕಣ್ಣು ಎಣಿಸತೊಡಗಿದ. ಹೆಂಗಸಾದರೂ ಚಲೋ ಎಂದರೆ ಹೆಂಗಸಿಗೆ ಸಾಕಾಗುವಷ್ಟು ಚಲೋ, ಕತ್ತರಿ ಕೊಡುವಷ್ಟಲ್ಲ ಎಂದು ನನಗೆ ಅಲ್ಲಿ ನಿಂತಾಗ ತಿಳಿಯಿತು. ಮುಖ ದಪ್ಪ ಮಾಡಿಕೊಂಡು ಕಡ್ಡಿ ಆರಿಸಲು ಬಗ್ಗಿದೆ.

ಆಗ ಮಾತಾಡಿದವನು ಮೈದುನ. "ವೈನಿ ಕೈಯಾಗ ಕತ್ತರಿ ಕೊಡ್ರಿ. ಹೋದ ಸಲ ಅವರು ಮಾಡಿದ ಸಾಲಿನ್ಯಾಗ ಗೊನಿ ಹೆಂಗ ಬಿಟ್ಟಿದ್ದವು, ನೋಡೀರಲಾ? ಹೆಂಗಸು ಅನ್ನೂದು ಬಿಟ್ಟ ನೋಡ್ರಿ. ಇಲ್ಲಿರೂ ಎಲ್ಲಾರಕಿಂತ ಚಲೋ ಮಾಡತಾರ."

ಎಲ್ಲರೂ ನಕ್ಕರು. ವೈನಿ ರೊಟ್ಟಿ ಹಾಕುತ್ತಾಳೆಂದು ವಕೀಲಿ ಮಾಡುತ್ತಾನೆ ಎಂದು ಒಬ್ಬ ಆಳು ಚೇಷ್ಟೆ ಮಾಡಿದ. ಕತ್ತರಿ ನನಗೆ ಸಿಗಲಿಲ್ಲ. ಅವನು ಆಡಿದ ಮಾತು ಮಾತ್ರ ನನ್ನ ಕಿವಿಯಲ್ಲಿ ಉಳಿಯಿತು. ಆ ಮನೆಯಲ್ಲಿ ನನ್ನ ಕೆಲಸಕ್ಕೆ ಹೆಂಗಸಾದರೂ ಎಂಬ ಬಾಲವಿಲ್ಲದ ಮಾತು ಬಂದದ್ದು ಅದೇ ಮೊದಲು. ಅದಕ್ಕೆ ನಾನು ಋಣಿಯಾಗಬೇಕಿತ್ತು. ಆಗಲಿಲ್ಲ. ನನ್ನ ಪರ ಮಾತಾಡಿ ದೊಡ್ಡವನಾಗುವ ಅವಕಾಶವೂ ಇವನಿಗೇ ಸಿಗಬೇಕೇ ಎಂದುಕೊಂಡೆ.

ತೊಂಬತ್ತರ ದಶಕ ಶುರುವಾಗಿತ್ತು. ಒಂದು ಮುಂಜಾನೆ ಚಹಾ ಕುಡಿಯುವಾಗ ಮೈದುನ ವಿಷಯ ತೆಗೆದ. ನಿಪ್ಪಾಣಿಯಲ್ಲಿ ಅವನ ಜೊತೆ ಕಲಿತ ಒಬ್ಬ ಮುಸ್ಲಿಂ ಗೆಳೆಯನಿದ್ದ. ಅವನ ತಂದೆಯ ಸೈಕಲ್ ಅಂಗಡಿ ದೊಡ್ಡ ರಸ್ತೆಗೆ ಹತ್ತಿರ, ಪಕ್ಕದ ಜಾಗ ಖಾಲಿ ಇತ್ತು. ತಂಬಾಕಿನ ವ್ಯಾಪಾರಕ್ಕೆ ಬರುವವರು, ಲಾರಿಯವರು, ಎಲ್ಲರೂ ಬಿಸಿ ರೊಟ್ಟಿಗೆ ಹುಡುಕಾಡುತ್ತಾರೆ. ಗೆಳೆಯ ಗಲ್ಲೆಯ ಮೇಲೆ ಕೂತು ಹಣ ನೋಡಿಕೊಳ್ಳುತ್ತಾನೆ, ಇವನು ರೊಟ್ಟಿ ಮಾಡುತ್ತಾನೆ. ಖಾನಾವಳಿ. ಇಷ್ಟು ಹೇಳಿ ಮಾವನ ಮುಖ ನೋಡಿದ. ಇಪ್ಪತ್ನಾಲ್ಕು ವರ್ಷದ ಗಂಡಸು, ಕೈಯಲ್ಲಿನ ಚಹಾ ಆರಿಹೋದದ್ದೂ ಅವನಿಗೆ ಗೊತ್ತಾಗಲಿಲ್ಲ. ಅವನಿಗೆ ಬೇಕಾದ ಜೀವನ ಅದೊಂದೇ ಎಂದು ಅಲ್ಲಿದ್ದ ಎಲ್ಲರಿಗೂ ಕಾಣುವಂತಿತ್ತು.

ನಾಲ್ಕು ವರ್ಷ ಹೊಗಳಿದ ಬಾಯಿಗಳು ಹೇಗೆ ತಿರುಗಿದವು ಎಂದು ನೋಡಬೇಕಿತ್ತು. ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. "ಮನ್ಯಾಗ ಮೋಜಿಗೆ ಮಾಡೂದು ಬ್ಯಾರೆ. ರಸ್ತಾದಾಗ ಕುಂತ ರೊಟ್ಟಿ ಬಡಿಯೂ ಗಂಡಸಿಗೆ ಹೆಣ್ಣ ಕೊಡಾವರು ಯಾರು?" ಅಂದರು. ನನ್ನ ಗಂಡ, "ಖಾನಾವಳಿಗೆ ಬರಾವರು ಹೆಣ್ಣಮಕ್ಕಳ ಕೈ ರೊಟ್ಟಿ ಉಣ್ಣಾಕ ಬರತಾರ. ಇವನ ರೊಟ್ಟಿ ಯಾರ ತಿಂತಾರ?" ಅಂದರು. ಮೊದಲು ತಾಟಿನ ಮುಂದೆ ಕೂತು ಚಪ್ಪರಿಸಿದವರೇ ಇವರು. ಗಂಡಸಾಗಿ ಎಷ್ಟು ಚಂದ ಎಂದವರು ಈಗ ಗಂಡಸಾಗಿ ಇದೇನು ಅನ್ನುತ್ತಿದ್ದರು. ನನಗೆ ಒಳಗೊಳಗೇ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಯಿತು.

ಮಾವ ಮಾತು ಕಡಿಮೆಯ ಮನುಷ್ಯ, ನ್ಯಾಯಸ್ಥ. ಚಹಾದ ಬಸಿ ಕೆಳಗಿಟ್ಟು, "ಹೆಣ್ಣ ಸಿಗತಾವೋ ಇಲ್ಲೋ ಆ ಮಾತ ಆಮ್ಯಾಲ. ಇವನ ರೊಟ್ಟಿ ನಾಕ ಮಂದಿ ಕರೆದು ಉಣ್ಣಸೂ ಹಂಗ ಅದಾವೋ ಇಲ್ಲೋ, ಅದನ್ನ ಮೊದಲು ನೋಡೂಣು" ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ರೊಟ್ಟೀದು ಈ ಮನ್ಯಾಗ ನಮ್ಮ ಸೊಸಿಗೆ ತಿಳದಂಗ ಯಾರಿಗೂ ತಿಳೀದಿಲ್ಲ. ಆಕಿ ಚಲೋ ಅಂದರ ನಂದೂ ಹೂಂ. ಆಕಿ ಇಲ್ಲ ಅಂದರ ಈ ಮಾತ ಮತ್ತ ತಗೀಬ್ಯಾಡ."

ನಾನು ಐದಾರು ವರ್ಷ ಕಾದ ಮಾತು ಅವತ್ತು ಬಂತು. ಬಂದದ್ದು ನನಗೆ ಕತ್ತರಿ ಕೊಡಲಿಕ್ಕಲ್ಲ, ನನ್ನ ರೊಟ್ಟಿಗೆ ತಾಟು ಹಾಕಲಿಕ್ಕಲ್ಲ, ಅವನ ರೊಟ್ಟಿ ಅಳೆಯಲಿಕ್ಕೆ. ಅಳತೆಗೋಲಿಗೆ ಇರುವ ಮರ್ಯಾದೆ ನನಗೆ ಸಿಕ್ಕಿತು. ಅವನು ಮಾತ್ರ ನನ್ನ ಕಡೆ ನೋಡಿ ನಕ್ಕ. ವೈನಿ ಕೈಗೆ ಬಂದ ಮೇಲೆ ಕೆಲಸ ಆದಂತೆಯೇ ಎಂಬ ನಗು.

ಪರೀಕ್ಷೆ ಮರುದಿನ ಮುಂಜಾನೆ ಎಂದು ನಿಕ್ಕಿಯಾಯಿತು. ಹಿಟ್ಟು ತೆಗೆದಿಡುವುದು ನನ್ನ ಕೆಲಸ. ಅಡುಗೆಮನೆಯಲ್ಲಿ ಎರಡು ಡಬ್ಬಿ ಇದ್ದವು. ಒಂದರಲ್ಲಿ ಹಿಂದಿನ ದಿನವಷ್ಟೇ ಗಿರಣಿಯಿಂದ ತಂದ ಹಿಟ್ಟು. ಇನ್ನೊಂದರ ತಳದಲ್ಲಿ ತಿಂಗಳ ಹಿಂದಿನದು, ದನದ ಅಂಬಲಿಗೆಂದು ಉಳಿಸಿದ್ದು. ಮರೆತೆ ಎಂದು ಬರೆಯಬಹುದಿತ್ತು, ಓದುವವರು ನಂಬುತ್ತಿದ್ದರು. ಮರೆಯಲಿಲ್ಲ. ಬೇಕೆಂದೇ ಹಳೆಯದನ್ನು ಪರಾತಕ್ಕೆ ಸುರಿದೆ.

ಅವನು ಸ್ನಾನ ಮಾಡಿ ಬಂದು ಕೂತ. ಪರಾತದಲ್ಲಿ ಕೈಯಿಟ್ಟು ಹಿಟ್ಟನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿದ. ಒಂದು ಕ್ಷಣ ನನ್ನ ಮುಖ ನೋಡಿದ. ನಾನು ಒಲೆಗೆ ಕಟ್ಟಿಗೆ ತುರುಕುತ್ತಿದ್ದೆ. ಏನೂ ಕೇಳಲಿಲ್ಲ. ಎಸರು ಕೊತಕೊತ ಕುದಿಯುವ ತನಕ ಕಾದ, ಸುರಿದ, ಮುಚ್ಚಿದ, ಕೈ ಸುಡುವಾಗಲೇ ನಾದಿದ. ಖಾನಾವಳಿಯ ಅಜ್ಜಿ ನನ್ನ ಅವ್ವನ ಗುಟ್ಟನ್ನು ಅವನಿಗೂ ಕೊಟ್ಟಿದ್ದಳು. ನಾದಿದ್ದನ್ನು ಮತ್ತೆ ಮತ್ತೆ ಮಡಚಿ ನಾದಿದ, ಹಣೆಯ ಬೆವರು ಮೊಣಕೈಯಿಂದ ಒರೆಸಿಕೊಂಡ. ಆಮೇಲೆ ಬಡಿಯತೊಡಗಿದ.

ಹತ್ತು ರೊಟ್ಟಿ. ಒಂದೂ ಸೀಳಲಿಲ್ಲ, ಒಂದೂ ಎತ್ತುವಾಗ ಹರಿಯಲಿಲ್ಲ. ಹಂಚಿನ ಮೇಲೆ ಪೂರಾ ಉಬ್ಬಿ ಇಳಿದವು. ಅತ್ತೆ ಅವನ ರೊಟ್ಟಿಯನ್ನು ಮೊದಲ ಸಲ ಬೆಳಕಿಗೆ ಎತ್ತಿ ಹಿಡಿದರು. ನಾನೂ ಹಿಂದಿನಿಂದ ಇಣುಕಿದೆ. ಎಲ್ಲಿಯೂ ಕಪ್ಪಿರಲಿಲ್ಲ. ಅತ್ತೆ ಏನೂ ಅನ್ನದೆ ಅದನ್ನು ಬುಟ್ಟಿಗೆ ಹಾಕಿದರು. ಆ ಏನೂ ಅನ್ನದಿರುವುದರ ಬೆಲೆ ಆ ಮನೆಯಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು.

ಮಾವ ಶೇಂಗಾ ಹಿಂಡಿಯ ಜೊತೆ ಒಂದು ತಿಂದು ಕೈ ತೊಳೆದು ಕೂತರು. ನನ್ನ ಗಂಡ ಬಾಗಿಲಿಗೆ ಆತು ನಿಂತರು. ನಾನು ಒಂದು ತುಂಡು ಮುರಿದು ಬಾಯಿಗಿಟ್ಟೆ. ಆ ಹಿಟ್ಟಿನಲ್ಲಿ ನಾನು ಮಾಡಿದ್ದರೆ ಐದಾದರೂ ಹರಿಯುತ್ತಿದ್ದವು. ಇವನು ನನಗಿಂತ ಮುಂದೆ ಹೋಗಿದ್ದ. ನನ್ನದೆಂದು ಆ ಮನೆಯಲ್ಲಿ ಇದ್ದದ್ದು ಇದೊಂದೇ, ಯಾರೂ ಹೊಗಳದಿದ್ದರೂ ನನ್ನದು. ಅದನ್ನೂ ಇವನು ಒಯ್ದಿದ್ದ.

"ಹೇಳ್ರಿ ವೈನಿ. ಗಂಡಸು ಅನ್ನೂದು ಬಿಟ್ಟ ಹೇಳ್ರಿ" ಅಂದ ಅವನು. ತೋಟದಲ್ಲಿ ನನಗಾಗಿ ಆಡಿದ ಮಾತನ್ನೇ ತನಗೆ ಕೇಳುತ್ತಿದ್ದ.

ನಾನು ತುಂಡು ನುಂಗಿ, ನೀರು ಕುಡಿದು, ನಕ್ಕು ಹೇಳಿದೆ. "ಗಂಡಸಿನ ಕೈಯಾಗ ಇಷ್ಟ ಬಂದರ ಭಾಳ ಆತು ಬಿಡು ತಮ್ಮಾ."

ಅಲ್ಲಿದ್ದವರಿಗೆ ಅದು ಹೊಗಳಿಕೆಯಂತೆಯೇ ಕೇಳಿಸಿತು. ಮಾವ ಮಾತ್ರ ಅದರೊಳಗಿನ ಇಲ್ಲ ಎಂಬುದನ್ನು ಕೇಳಿಸಿಕೊಂಡರು. "ಮುಗೀತು ಹಂಗಾದರ" ಎಂದು ಎದ್ದು ಪಟಕಾ ಸುತ್ತಿಕೊಂಡು ತೋಟಕ್ಕೆ ಹೋದರು. ಮೈದುನ ನನ್ನ ಮುಖ ನೋಡಿದ. ನಾನು ನಗುತ್ತಲೇ ಇದ್ದೆ. "ಹೌದ್ರಿ ವೈನಿ" ಅಂದ. ಪರಾತ ತೊಳೆದು ಗೋಡೆಗೆ ಆನಿಸಿಟ್ಟ. ಆಮೇಲೆ ಅವನು ಹಿಟ್ಟು ಮುಟ್ಟಲಿಲ್ಲ. ನನ್ನ ಐವತ್ತು ರೊಟ್ಟಿ ಮತ್ತೆ ಮನೆಯ ರೊಟ್ಟಿಯಾದವು, ಯಾರೂ ಏನೂ ಅನ್ನದ ರೊಟ್ಟಿ. ಗೆದ್ದೆ ಎಂದು ಎಂಟು ದಿನ ಅಂದುಕೊಂಡೆ. ಒಂಬತ್ತನೇ ದಿನ ಒಲೆ ಮುಂದೆ ಕೂತಾಗ ಬೇರೆಯವರ ಬಡಿತ ಕಿವಿಗೆ ಬೀಳದೆ ಅಳು ಬಂತು. ಹೊಗೆಗೆ ಕಣ್ಣು ಉರಿಯುತ್ತದೆ ಎಂದು ಅತ್ತೆಗೆ ಹೇಳಿದೆ.

ಮುಂದೆ ಅವನು ಕಾಗವಾಡದ ಕಡೆ ಒಣದ್ರಾಕ್ಷಿ ಮಾಡುವ ಶೆಡ್ಡೊಂದರಲ್ಲಿ ಉಸ್ತುವಾರಿಗೆ ಸೇರಿದ. ಮದುವೆಯಾಯಿತು, ಹೆಣ್ಣು ಸುಲಭವಾಗಿಯೇ ಸಿಕ್ಕಿತು. ನಿಪ್ಪಾಣಿಯ ಗೆಳೆಯ ಅದೇ ಜಾಗದಲ್ಲಿ ಇಬ್ಬರು ಹೆಂಗಸರನ್ನು ಇಟ್ಟುಕೊಂಡು ಖಾನಾವಳಿ ತೆಗೆದ, ಚೆನ್ನಾಗಿ ನಡೆಯಿತು ಎಂದು ಕೇಳಿದೆ. ಮೈದುನ ಆ ಮಾತು ಮನೆಯಲ್ಲಿ ಎಂದೂ ಎತ್ತಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ, ಒಂದು ಸಂಕ್ರಾಂತಿಗೆ ಹೆಂಡತಿ ಮಗುವಿನೊಂದಿಗೆ ಐಗಳಿಗೆ ಬಂದಿದ್ದ. ಹಿಂದಿನ ದಿನ ಭೋಗಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಆಗಬೇಕು. ಸಜ್ಜಿಗೆ ಮೊದಲೇ ಜಿಗಿ ಕಡಿಮೆ. ನನ್ನ ರೊಟ್ಟಿ ಮೇಲಿಂದ ಮೇಲೆ ಹರಿಯುತ್ತಿದ್ದವು, ಕೈಯಲ್ಲೂ ಮೊದಲಿನ ಕಸುವು ಇರಲಿಲ್ಲ. ಅವನು ಅಡುಗೆಮನೆಯ ಹೊಸ್ತಿಲ ಮೇಲೆ ಚಹಾ ಹಿಡಿದು ಕೂತಿದ್ದ. ಮೂರನೆಯದು ಹರಿದಾಗ, "ಎಸರು ಇನ್ನೂ ಕುದೀಬೇಕ್ರಿ ವೈನಿ" ಅಂದ.

ನನ್ನ ಕೈ ನಿಂತಿತು. ಏಳೆಂಟು ವರ್ಷ ನುಂಗಿಕೊಂಡಿದ್ದು ಬಾಯಿಗೆ ಬಂತು. "ಅವತ್ತಿನ ಹಿಟ್ಟ ಹಳೇದಿತ್ತು. ನಿನಗ ಗೊತ್ತಾಗಿತ್ತೇನು?"

"ಬೆರಳ ಇಟ್ಟ ಕೂಡಲೇ ಗೊತ್ತಾತ್ರಿ."

"ಮತ್ತ ಯಾಕ ಕೇಳಲಿಲ್ಲ?"

ಅವನು ಚಹಾ ಒಂದು ಗುಟುಕು ಕುಡಿದ. "ಯಾಕ ಕೇಳಲಿ? ಉಳಿದಾವರೆಲ್ಲಾ ನಾ ಹೆಂಗ ಮಾಡಿದರೂ ಚಲೋ ಅಂತಿದ್ದರು. ನೀವು ಒಬ್ಬರ ನನಗ ಖರೇ ಪರೀಕ್ಷಾ ಇಟ್ರಿ. ಬೇಕಂತನ ಕಠಿಣ ಹಿಟ್ಟ ಕೊಟ್ಟಾರ, ಇದರಾಗ ಪಾಸ್ ಆದರ ವೈನಿ ಖರೇ ಹೇಳತಾರ ಅಂದಕೊಂಡೆ. ಆಗಲಿಲ್ಲ. ನಿಮ್ಮ ಕಣ್ಣಿಗೆ ಏನೋ ಕಡಿಮಿ ಕಂಡಿರಬೇಕು. ಅದಕ್ಕ ಬಿಟ್ಟಬಿಟ್ಟೆ."

ಹಂಚಿನ ಮೇಲಿನ ರೊಟ್ಟಿ ಹೊಗೆಯಾಡುತ್ತಿತ್ತು. ನಾನು ತೆಗೆಯಲಿಲ್ಲ. ಪಡಸಾಲೆಯಿಂದ ಅತ್ತೆ, "ಏನ ಸೀದ ವಾಸನಿ ಬರಾಕತ್ತೇತಿ?" ಅಂದರು.

"ಅವು ನನ್ನವಕಿಂತ ಚಲೋ ಇದ್ದವು ತಮ್ಮಾ" ಅಂದೆ.

ಅವನು ತಲೆ ಎತ್ತಿದ. "ಗಂಡಸು ಅನ್ನೂದು ಬಿಟ್ಟ?"

"ಬಿಟ್ಟ."

ಅವನು ತನ್ನ ಅಂಗೈ ನೋಡಿಕೊಂಡ. "ಈಗ ಕೈ ಮರತಾವ್ರಿ ವೈನಿ" ಅಂದು, ಎದ್ದು ಸೀದ ರೊಟ್ಟಿಯನ್ನು ಹಂಚಿನಿಂದ ತೆಗೆದು ದನದ ಬುಟ್ಟಿಗೆ ಹಾಕಿ, ಮಗು ಕರೆಯುತ್ತದೆಂದು ಹೊರಗೆ ಹೋದ.

ಹಿಟ್ಟು ಯಾಕೆ ಹಳೆಯದಿತ್ತು ಎಂಬುದನ್ನು ಮಾತ್ರ ಇವತ್ತಿನವರೆಗೂ ಅವನಿಗೆ ಹೇಳಿಲ್ಲ. ಚಲೋ ಎಂದು ಹೇಳಿದ್ದು ತಡವಾದರೂ, ಅವನ ಲೆಕ್ಕದಲ್ಲಿ ನಾನು ಅವನನ್ನು ಯಾವ ರಿಯಾಯಿತಿಯೂ ಇಲ್ಲದೆ ತೂಗಿ ನೋಡಿದ ಒಬ್ಬಳೇ ಹೆಂಗಸು. ಮನುಷ್ಯರನ್ನು ಅಷ್ಟು ಒಳ್ಳೆಯದಾಗಿ ನಂಬುವುದು ನನ್ನಿಂದ ಒಂದು ದಿನವೂ ಆಗಿಲ್ಲ. ಅದಕ್ಕೂ ಅವನ ಮೇಲೆ ನನಗೆ ಹೊಟ್ಟೆಕಿಚ್ಚು.